ಪಕ್ಕದ ಮನೆಯ ಬೆಕ್ಕು, ನಿಮ್ಮ ಅಟ್ಟದಲ್ಲಿ ಮರಿ: ಹೊಣೆ ಯಾರದು, ಮೊದಲು ಏನು ಮಾಡಬೇಕು?

“ನಮ್ಮ ಹೆಣ್ಣು ಬೆಕ್ಕು ನಾಲ್ಕು ಮರಿ ಹಾಕಿದೆ. ಪಕ್ಕದ ಮನೆಯ ಗಂಡು ಬೆಕ್ಕೇ ಕಾರಣ, ಆದರೆ ಅವರು ನಮಗೆ ಸಂಬಂಧವೇ ಇಲ್ಲ ಎನ್ನುತ್ತಾರೆ.” “ಎದುರು ಮನೆಯವರ ಬೆಕ್ಕು ನಮ್ಮ ಅಟ್ಟ ಹತ್ತಿ ಮರಿ ಹಾಕಿದೆ. ಕೇಳಿದರೆ ‘ಅಲ್ಲೇ ಇರಲಿ ಬಿಡಿ’ ಎಂದು ಬಾಗಿಲು ಹಾಕಿಕೊಂಡರು. ಮರಿಗಳು ಯಾರಿಗೆ ಸೇರಿದವು?” ಸಾಕುಪ್ರಾಣಿಗಳ ಬಗ್ಗೆ ಬರೆಯುತ್ತಿರುವ ನನಗೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವಷ್ಟರಲ್ಲಿ ಮರಿಗಳು ಕಣ್ಣು ಬಿಟ್ಟು ಓಡಾಡತೊಡಗಿರುತ್ತವೆ. ಆದ್ದರಿಂದ ಎಲ್ಲವನ್ನೂ ಒಂದೇ ಕಡೆ ಹೇಳುತ್ತಿದ್ದೇನೆ.

ಮುಖ್ಯವಾದ ಮಾತು ಮೊದಲೇ ಇರಲಿ. ಮರಿಗಳ ಅಪ್ಪ ಯಾರು ಎಂಬ ವಾದದಲ್ಲಿ ವಾರಗಳನ್ನು ಕಳೆಯಬೇಡಿ. ಹುಟ್ಟಿದ ಮರಿ ತಾಯಿಯನ್ನು ಬಿಟ್ಟು ಬೇರೆ ಮನೆಗೆ ಹೋಗಲು ಕಡಿಮೆಯೆಂದರೂ ಎಂಟು ವಾರ ಬೇಕು. ಅದೇ ಎಂಟು ವಾರಗಳಲ್ಲಿ, ಇನ್ನೂ ಹಾಲೂಡಿಸುತ್ತಿರುವಾಗಲೇ, ತಾಯಿ ಬೆಕ್ಕು ಮತ್ತೆ ಗಬ್ಬವಾಗಬಹುದು. ನೆರೆಹೊರೆಯ ಎರಡೂ ಮನೆಗಳ ಕೈಯಲ್ಲಿರುವ ಕಾಲ ಅಷ್ಟೇ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಅಂಚು ತುಸು ಎತ್ತರವಿರುವ ರಟ್ಟಿನ ಪೆಟ್ಟಿಗೆ, ಹಳೆಯ ಹತ್ತಿ ಸೀರೆಯ ತುಂಡುಗಳು, ಗ್ರಾಂ ತೋರಿಸುವ ಅಡುಗೆಮನೆಯ ತೂಕದ ಯಂತ್ರ, ಮರಳು ತುಂಬಿದ ಅಗಲ ತಟ್ಟೆ, ಬೆಕ್ಕನ್ನು ಆಸ್ಪತ್ರೆಗೆ ಒಯ್ಯಲು ಮುಚ್ಚಳವಿರುವ ಬುಟ್ಟಿ, ಒಂದು ನೋಟ್‌ಬುಕ್. ಹತ್ತಿರದ ಪಶುವೈದ್ಯರ ಮೊಬೈಲ್ ಸಂಖ್ಯೆಯನ್ನು ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.

ಹಂತ 1: ಮೊದಲ ದಿನ ದೂರ ನಿಂತು ನೋಡಿ

ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂದು ಹಿರಿಯರು ಹೇಳುವುದುಂಟು. ಏಳು ಎಂಬ ಲೆಕ್ಕ ಹೇಗಾದರೂ ಇರಲಿ, ಸುತ್ತಿಸುವುದು ನಿಜ. ಜಾಗ ಗದ್ದಲವೆನಿಸಿದರೆ, ಕೊಳಕಾದರೆ, ಯಾರಾದರೂ ಪದೇಪದೇ ಇಣುಕಿದರೆ ತಾಯಿ ಮರಿಗಳನ್ನು ಒಂದೊಂದಾಗಿ ಹೊತ್ತು ಬೇರೆ ಕಡೆ ಸಾಗಿಸುತ್ತದೆ. ಕಿಟಕಿಯ ಮೇಲಿನ ಸಜ್ಜೆಯ ಅಂಚಿನಲ್ಲಿ ಅದು ನಡೆದುಹೋಗುವುದನ್ನು ನೀವು ನೋಡಿರಬಹುದು. ಬಾಯಲ್ಲಿ ಮರಿಯ ಕತ್ತಿನ ಹಿಂಬದಿಯ ಚರ್ಮ. ಮರಿ ಕಾಲುಗಳನ್ನು ಹೊಟ್ಟೆಗೆ ಮಡಚಿ, ಬಾಲವನ್ನು ಒಳಕ್ಕೆ ಸುತ್ತಿಕೊಂಡು, ಒಂದಿಷ್ಟೂ ಕೊಸರಾಡದೆ ತೂಗುತ್ತಿರುತ್ತದೆ. ಹೀಗೆ ಸಾಗಿಸುವಾಗಲೇ ಮರಿಗಳು ನಿಮ್ಮ ಮನೆಯಿಂದ ಅವರ ಮನೆಗೆ, ಅವರ ಮನೆಯಿಂದ ಕಾರಿನ ಬಾನೆಟ್ ಒಳಗೆ ಸೇರುವುದು. ಆದ್ದರಿಂದ ಮಕ್ಕಳಿಗೆ ತೋರಿಸುವ ಸಂಭ್ರಮವನ್ನು ಎರಡು ವಾರ ಮುಂದೂಡಿ. ವಾಹನ ಚಾಲೂ ಮಾಡುವ ಮುನ್ನ ಬಾನೆಟ್ ಮೇಲೆ ನಾಲ್ಕು ಸಲ ತಟ್ಟುವ ಅಭ್ಯಾಸವನ್ನು ಎರಡೂ ಮನೆಯವರು ಇಟ್ಟುಕೊಳ್ಳಿ.

ಮರಿಗಳಷ್ಟೇ ಕಂಡು ತಾಯಿ ಕಾಣದಿದ್ದರೆ ‘ಬಿಟ್ಟುಹೋಗಿದೆ’ ಎಂದು ಕೂಡಲೇ ಎತ್ತಿಕೊಳ್ಳಬೇಡಿ. ತಾಯಿ ಆಹಾರ ಹುಡುಕಿ ಹೋಗಿರಬಹುದು, ಅಥವಾ ನೀವು ಅಲ್ಲಿ ನಿಂತಿರುವುದರಿಂದಲೇ ಹತ್ತಿರ ಬರುತ್ತಿಲ್ಲದಿರಬಹುದು. ಹೊಟ್ಟೆ ದುಂಡಗಿದ್ದು, ಒಂದರ ಮೇಲೊಂದು ಬಿದ್ದು ಸದ್ದಿಲ್ಲದೆ ಮಲಗಿರುವ ಮರಿಗಳು ಹಾಲು ಕುಡಿದ ಮರಿಗಳು. ಅಂಥವನ್ನು ದೂರದಿಂದ ಕೆಲವು ಗಂಟೆ ಗಮನಿಸಿ. ಬಿಡದೆ ಅರಚುತ್ತಿದ್ದರೆ, ಮೈ ತಣ್ಣಗಿದ್ದರೆ, ಇರುವೆ ಮುತ್ತಿದ್ದರೆ ಮಾತ್ರ ಕಾಯಬೇಡಿ.

ಇಲ್ಲಿ ಎರಡು ತಪ್ಪುಗಳು ಬಹಳ ಮನೆಗಳಲ್ಲಿ ನಡೆಯುತ್ತವೆ, ಮರಿಗಳು ಸಾಯುವುದೂ ಇದರಿಂದಲೇ. ಒಂದು, ತಣ್ಣಗಾದ ಮರಿಗೆ ಮೊದಲು ಹಾಲು ಕುಡಿಸುವುದು. ಮೊದಲ ಮೂರು ವಾರ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ತಣ್ಣಗಾದ ಹೊಟ್ಟೆ ಹಾಲನ್ನು ಅರಗಿಸುವುದೂ ಇಲ್ಲ. ಬೆಚ್ಚಗಿನ ನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೈ ಬೆಚ್ಚಗಾಗಿಸಿ, ಆಮೇಲೆ ಹಾಲಿನ ಮಾತು. ಎರಡು, ಹಸುವಿನ ಹಾಲು. ಅದು ಮರಿಗೆ ಭೇದಿ ತರಿಸುತ್ತದೆ, ಭೇದಿಯಿಂದ ಮೈಯ ನೀರು ಆರಿ ಮರಿ ಒಂದೇ ದಿನದಲ್ಲಿ ಕುಸಿಯಬಹುದು. ಸಾಕುಪ್ರಾಣಿಗಳ ಅಂಗಡಿಯಲ್ಲಿ ಬೆಕ್ಕಿನ ಮರಿಗಳಿಗೆಂದೇ ಹಾಲಿನ ಪುಡಿ ಸಿಗುತ್ತದೆ. ಕುಡಿಸುವಾಗ ಮರಿಯನ್ನು ಮಗುವಿನಂತೆ ಅಂಗಾತ ಮಲಗಿಸಬೇಡಿ. ಹೊಟ್ಟೆಯ ಮೇಲೆ ಮಲಗಿದ ಭಂಗಿಯಲ್ಲೇ ಕುಡಿಸಿ, ಇಲ್ಲದಿದ್ದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಂತ 2: ಯಾರ ಹೊಣೆ ಎಷ್ಟು ಎಂಬುದನ್ನು ತಿಳಿದುಕೊಳ್ಳಿ

ಮಾತುಕತೆಗೆ ಹೋಗುವ ಮುನ್ನ ಇದು ನಿಮಗೆ ಸ್ಪಷ್ಟವಾಗಿರಬೇಕು.

‘ನಿಮ್ಮ ಗಂಡೇ ಅಪ್ಪ’ ಎಂಬ ವಾದ ಏಕೆ ನಿಲ್ಲುವುದಿಲ್ಲ ಎಂದರೆ, ಹೆಣ್ಣು ಬೆಕ್ಕು ಒಂದೇ ಬೆದೆಯಲ್ಲಿ (ಅಂದರೆ ಕೂಡಲು ಸಿದ್ಧವಾಗಿರುವ ಆ ಕೆಲವು ದಿನಗಳಲ್ಲಿ) ಹಲವು ಗಂಡುಗಳೊಂದಿಗೆ ಕೂಡಬಹುದು, ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು. ಮೈಬಣ್ಣವನ್ನು ಸಾಕ್ಷಿಗೆ ಎಳೆಯುವವರೂ ಎಚ್ಚರ ವಹಿಸಬೇಕು. “ನಿಮ್ಮ ಕಿತ್ತಳೆ ಬಣ್ಣದ ಗಂಡಿನಂತೆಯೇ ಈ ಗಂಡು ಮರಿಯೂ ಇದೆ, ನೋಡಿ” ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಕಿತ್ತಳೆ ಬಣ್ಣವನ್ನು ತರುವ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡು ಮರಿಗೆ ಎಕ್ಸ್ ಬರುವುದು ತಾಯಿಯಿಂದ, ಅಪ್ಪನಿಂದ ಬರುವುದು ವೈ. ಹಾಗಾಗಿ ಗಂಡು ಮರಿಯ ಕಿತ್ತಳೆ ಬಣ್ಣ ತಾಯಿಯ ಕೊಡುಗೆ; ಪಕ್ಕದ ಮನೆಯ ಗಂಡಿನ ಮೇಲೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ.

ಕಾನೂನು ನೋಡುವುದು ಪ್ರಾಣಿ ಯಾರ ಆರೈಕೆಯಲ್ಲಿದೆ, ಯಾರ ವಶದಲ್ಲಿದೆ ಎಂಬುದನ್ನು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 3ನೇ ಸೆಕ್ಷನ್, ಪ್ರಾಣಿಯ ಆರೈಕೆ ಹೊತ್ತ ಪ್ರತಿಯೊಬ್ಬರೂ ಅದರ ಕ್ಷೇಮಕ್ಕೆ ತಕ್ಕ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ. ಅದೇ ಕಾಯ್ದೆಯಲ್ಲಿ ‘ಮಾಲೀಕ’ ಎಂಬ ಪದದೊಳಗೆ ಆ ಹೊತ್ತಿಗೆ ಪ್ರಾಣಿಯನ್ನು ವಶದಲ್ಲಿ ಇಟ್ಟುಕೊಂಡವರೂ ಸೇರುತ್ತಾರೆ. ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದುಬಿಡುವುದು 11ನೇ ಸೆಕ್ಷನ್‌ನಡಿ ಅಪರಾಧ.

ಇನ್ನೊಂದು ಸಂದರ್ಭ: “ಊರಿಗೆ ಹೋಗುವಾಗ ಬೆಕ್ಕನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗಿದ್ದೆವು, ಅಲ್ಲೇ ಮರಿ ಹಾಕಿತು, ಈಗ ಅವರು ಮರಿಗಳನ್ನು ಕೊಡುತ್ತಿಲ್ಲ.” ಇದಕ್ಕೆ 1872ರ ಭಾರತೀಯ ಕರಾರು ಕಾಯ್ದೆಯ 163ನೇ ಸೆಕ್ಷನ್‌ನಲ್ಲಿ ನೇರ ಉತ್ತರವಿದೆ. ನೋಡಿಕೊಳ್ಳಲು ಒಪ್ಪಿಸಿದ ವಸ್ತುವಿನಿಂದ ಆದ ಹೆಚ್ಚಳವೂ, ಬೇರೆ ಒಪ್ಪಂದವಿಲ್ಲದಿದ್ದರೆ, ಒಪ್ಪಿಸಿದವರಿಗೇ ಸೇರಬೇಕು. ಕಾಯ್ದೆಯೇ ಕೊಡುವ ಉದಾಹರಣೆ ಹಸುವಿನದು: ಒಬ್ಬರು ತಮ್ಮ ಹಸುವನ್ನು ಇನ್ನೊಬ್ಬರ ಬಳಿ ಬಿಟ್ಟು ಹೋಗುತ್ತಾರೆ, ಅಲ್ಲಿ ಅದು ಕರು ಹಾಕುತ್ತದೆ, ಹಸುವಿನ ಜೊತೆಗೆ ಕರುವನ್ನೂ ಹಿಂದಿರುಗಿಸಬೇಕು. ಬೆಕ್ಕಿಗೂ ಅದೇ ನ್ಯಾಯ. ಆದರೆ ಹಕ್ಕು ಕೇಳುವವರು ಹೊಣೆಯನ್ನೂ ಹೊರಬೇಕು. ಅಷ್ಟು ದಿನ ಅವರು ಮಾಡಿದ ಖರ್ಚನ್ನು ಕೊಟ್ಟು ಮರಿಗಳನ್ನು ಕರೆದುಕೊಂಡು ಬರುವುದು ಮರ್ಯಾದೆ.

ಇಷ್ಟನ್ನು ಇಟ್ಟುಕೊಂಡು ನನ್ನ ತೀರ್ಮಾನ ಹೀಗೆ. ತಾಯಿ ಬೆಕ್ಕನ್ನು ಸಾಕಿದ ಮನೆ ಮುಂದಾಳತ್ವ ವಹಿಸಬೇಕು, ಮರಿಗಳು ಎಲ್ಲಿ ಹುಟ್ಟಿದ್ದರೂ ಸರಿ. ಗಂಡು ಬೆಕ್ಕನ್ನು ಸಂತಾನಶಕ್ತಿಹರಣ (ಮರಿಯಾಗದಂತೆ ಮಾಡುವ) ಶಸ್ತ್ರಚಿಕಿತ್ಸೆ ಮಾಡಿಸದೆ ಹೊರಗೆ ಬಿಟ್ಟಿರುವ ಮನೆ, ಅಪ್ಪ ಅದೇ ಎಂಬ ಪುರಾವೆ ಇಲ್ಲದಿದ್ದರೂ, ಲಸಿಕೆ ಮತ್ತು ಆಹಾರದ ಖರ್ಚಿನಲ್ಲಿ ಅರ್ಧ ಹೊರಬೇಕು. ಹೆಣ್ಣು ಬೆಕ್ಕು ಯಾರದೂ ಅಲ್ಲದೆ, ಎರಡೂ ಮನೆಯವರು ಅನ್ನ ಹಾಕುತ್ತಿದ್ದರೆ ಖರ್ಚು ಸಮಸಮ. ಯಾರ ಅಟ್ಟದಲ್ಲಿ ಮರಿಗಳಿವೆಯೋ ಅವರು ಜಾಗ ಕೊಟ್ಟರೆ ಸಾಕು, ಹಣ ಕೊಡಬೇಕಿಲ್ಲ.

ಹಂತ 3: ಮೂರು ದಿನದೊಳಗೆ ಮುಖಾಮುಖಿ ಮಾತನಾಡಿ

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಬ್ಬರೂ ಕಾಯುತ್ತಾ ಕೂತರೆ ಯಾರೂ ಕಟ್ಟುವುದಿಲ್ಲ. ನೀವೇ ಹೋಗಿ. ಅಪಾರ್ಟ್‌ಮೆಂಟ್‌ನ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತ್ರ ಎತ್ತಬೇಡಿ. ನಾಲ್ಕು ಜನರ ಎದುರು ಆರೋಪ ಹೊತ್ತವರು ಮತ್ತೆ ಬಾಗಿಲು ತೆರೆಯುವುದು ಕಷ್ಟ. ಸಂಜೆ ಕಾಫಿಯ ಹೊತ್ತಿಗೆ ಹೋಗಿ, ಕುಳಿತು ಮಾತನಾಡಿ. ಮಾತು ಹೀಗೆ ಶುರುವಾದರೆ ಒಳ್ಳೆಯದು:

“ಲಕ್ಷ್ಮಮ್ಮನವರೇ, ನಿಮ್ಮ ಬೆಕ್ಕು ನಮ್ಮ ಅಟ್ಟದಲ್ಲಿ ಮೂರು ಮರಿ ಹಾಕಿದೆ. ತಾಯಿ ಮರಿ ಎಲ್ಲ ಚೆನ್ನಾಗಿವೆ. ಎರಡು ತಿಂಗಳು ಅಲ್ಲೇ ಇರಲಿ, ನಮ್ಮದೇನೂ ಅಡ್ಡಿಯಿಲ್ಲ. ಆದರೆ ಊಟ, ಡಾಕ್ಟರು, ಆಮೇಲೆ ಮನೆ ಹುಡುಕುವುದು, ಇದನ್ನೆಲ್ಲ ಹೇಗೆ ಮಾಡೋಣ ಹೇಳಿ.”

ಇದರಲ್ಲಿ ಯಾರ ತಪ್ಪು ಎಂಬ ಪ್ರಶ್ನೆಯೇ ಇಲ್ಲ, ಗಮನಿಸಿ. “ನಿಮ್ಮ ಬೆಕ್ಕನ್ನು ಕಟ್ಟಿಹಾಕಿಕೊಳ್ಳಬಾರದಿತ್ತೇ?” ಎಂದು ತೊಡಗಿದರೆ ಉತ್ತರ ಏನು ಬರುತ್ತದೆ ಎಂಬುದು ನಿಮಗೇ ಗೊತ್ತು. ಬಾಡಿಗೆ ಮನೆಯಾಗಿದ್ದರೆ ಮಾಲೀಕರಿಗೂ ಒಂದು ಮಾತು ತಿಳಿಸಿ. ಅವರು ಹೊರಗಿನವರಿಂದ ಕೇಳಿ ತಿಳಿದರೆ ಸಿಟ್ಟಾಗುತ್ತಾರೆ.

ಹಂತ 4: ಒಪ್ಪಿದ್ದನ್ನು ಬರೆದಿಟ್ಟುಕೊಳ್ಳಿ

ನೆರೆಯವರ ನಡುವೆ ಬರಹ ಏಕೆ ಎನಿಸಬಹುದು. ಎರಡು ತಿಂಗಳ ಅವಧಿಯಲ್ಲಿ ಯಾರು ಎಷ್ಟು ಕೊಟ್ಟರು ಎಂಬುದು ಮರೆಯುತ್ತದೆ, ಮರೆತ ಲೆಕ್ಕವೇ ಮನಸ್ತಾಪಕ್ಕೆ ಕಾರಣವಾಗುತ್ತದೆ. ಛಾಪಾ ಕಾಗದವೇನೂ ಬೇಡ. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದು, ಫೋಟೊ ತೆಗೆದು ಇಬ್ಬರ ಮೊಬೈಲಿನಲ್ಲೂ ಇರಿಸಿ. ಮರಿಗಳು ಎಷ್ಟು, ಯಾವ ಬಣ್ಣ, ಹುಟ್ಟಿದ ದಿನ. ಯಾರ ಮನೆಯಲ್ಲಿ ಇರುತ್ತವೆ. ದಿನದ ಊಟ ಯಾರದು. ಆಸ್ಪತ್ರೆಗೆ ಯಾರು ಒಯ್ಯುತ್ತಾರೆ, ಹಣ ಯಾರು ಎಷ್ಟು. ಯಾವ ಮರಿಗೆ ಯಾರು ಮನೆ ಹುಡುಕುತ್ತಾರೆ. ಮನೆ ಸಿಗದ ಮರಿ ಕೊನೆಗೆ ಯಾರಲ್ಲಿ ಉಳಿಯುತ್ತದೆ. ಈ ಕೊನೆಯದನ್ನು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ. ಜಗಳವಾಗುವುದು ಅದರ ಮೇಲೆಯೇ, ಹಾಗಾಗಿ ಅದನ್ನು ಬಿಡಲೇಬೇಡಿ. ತಾಯಿಯ ಶಸ್ತ್ರಚಿಕಿತ್ಸೆಯ ದಿನಾಂಕಕ್ಕೂ ಒಂದು ಸಾಲು ಖಾಲಿ ಬಿಡಿ.

ಅವರು ಒಪ್ಪದಿದ್ದರೆ? ಒಮ್ಮೆ ಕೇಳಿ, ವಾರ ಬಿಟ್ಟು ಇನ್ನೊಮ್ಮೆ ಕೇಳಿ, ಆಮೇಲೆ ನಿಮ್ಮ ಕೈಲಾದದ್ದನ್ನು ನೀವು ಮಾಡಿ. ಮರಿಗಳ ಖರ್ಚಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ “ಗೋಣಿಚೀಲದಲ್ಲಿ ಹಾಕಿ ಮೀನು ಮಾರುಕಟ್ಟೆಯ ಹತ್ತಿರ ಬಿಟ್ಟು ಬರುತ್ತೇವೆ” ಎಂದರೆ ಸುಮ್ಮನಿರಬೇಡಿ. ತಾಯಿಯಿಲ್ಲದ, ಹಲ್ಲು ಮೂಡದ ಮರಿ ಅಲ್ಲಿ ಮೀನು ತಿಂದು ಬದುಕುವುದಿಲ್ಲ. ನಾಯಿ, ವಾಹನ, ಹಸಿವು, ಈ ಮೂರರಲ್ಲಿ ಒಂದಕ್ಕೆ ತುತ್ತಾಗುತ್ತದೆ. 11ನೇ ಸೆಕ್ಷನ್‌ನಡಿ ಮೊದಲ ಸಲದ ದಂಡ 10ರಿಂದ 50 ರೂಪಾಯಿ ಮಾತ್ರ, ಅದು ಯಾರನ್ನೂ ಹೆದರಿಸದು. ಆದರೆ ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಅಂಗ ಊನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್‌ನಡಿ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. 2024ರ ಜುಲೈ 1ರಿಂದ ಈ ಸಂಹಿತೆ ಜಾರಿಯಲ್ಲಿದೆ. ಇದನ್ನು ಬೆದರಿಕೆಯ ದನಿಯಲ್ಲಿ ಹೇಳಬೇಡಿ. ಗೊತ್ತಿರಲಿ ಎಂದು ಹೇಳಿ. ಬಹಳ ಜನರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ.

ಹಂತ 5: ಎಂಟು ವಾರಗಳ ಆರೈಕೆ

ತಾಯಿ ಚೆನ್ನಾಗಿದ್ದರೆ ಮೊದಲ ಮೂರು ವಾರ ನಿಮ್ಮ ಕೆಲಸ ಒಂದೇ: ತಾಯಿಗೆ ಹೊಟ್ಟೆ ತುಂಬ ಊಟ. ಹಾಲೂಡಿಸುವ ಬೆಕ್ಕಿಗೆ ಬರೀ ಹಾಲು ಅನ್ನ ಸಾಲದು. ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿ ಅಥವಾ ಮೀನು, ಮೊಟ್ಟೆ, ಇಲ್ಲವೇ ಮರಿಗಳಿಗೆಂದು ಮಾರುವ ಒಣ ಆಹಾರ ಕೊಡಿ. ನಿಮ್ಮದು ಸಸ್ಯಾಹಾರಿ ಮನೆಯಾಗಿದ್ದು ಬೆಕ್ಕು ನೆರೆಯವರದ್ದಾಗಿದ್ದರೆ, ಊಟದ ಪಾಲನ್ನು ಅವರಿಗೆ ಬಿಡಿ. ಮಾತುಕತೆಯಲ್ಲಿ ಇದನ್ನೂ ಸೇರಿಸಿ.

ಮರಿ ಹುಟ್ಟಿದಾಗ ಸುಮಾರು 100 ಗ್ರಾಂ ಇರುತ್ತದೆ, ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ತಾಯಿ ಒಪ್ಪಿದರೆ, ಅದು ಊಟಕ್ಕೆ ಎದ್ದ ಹೊತ್ತಿನಲ್ಲಿ, ತೂಕದ ಯಂತ್ರದ ಮೇಲೆ ಒಂದು ಬಟ್ಟಲಿಟ್ಟು ಮರಿಗಳನ್ನು ಒಂದೊಂದಾಗಿ ತೂಗಿ ಬರೆದಿಡಿ. ಕಣ್ಣು ಬಿಡದ ಮರಿ ಬಟ್ಟಲಿನ ಅಂಚಿಗೆ ಮೂತಿ ತಾಗಿಸಿ ತಾಯಿಯನ್ನು ಹುಡುಕುತ್ತಾ ತಲೆ ಅಲ್ಲಾಡಿಸುತ್ತದೆ, ಅಂಕಿಗಳೂ ಅದರೊಂದಿಗೆ ಅಲ್ಲಾಡುತ್ತವೆ. ಅರೆಗಳಿಗೆ ತಾಳಿ, ನಿಂತ ಅಂಕಿಯನ್ನು ಬರೆದುಕೊಳ್ಳಿ. ತೂಕ ಇಳಿದರೆ ಅಂದೇ ವೈದ್ಯರನ್ನು ಕೇಳಿ. ಕಣ್ಣು ತೆರೆಯುವುದು ಒಂದರಿಂದ ಎರಡು ವಾರದ ನಡುವೆ.

ಎರಡನೇ ವಾರದಿಂದ ಏಳನೇ ವಾರದವರೆಗೆ ಮರಿ ಮನುಷ್ಯರ ಕೈಗೆ, ದನಿಗೆ ಒಗ್ಗುವ ಕಾಲ. ಈಗ ಮಕ್ಕಳನ್ನು ಕರೆಯಿರಿ, ಎರಡೂ ಮನೆಯವರನ್ನೂ. ಹೀಗೆ ಒಗ್ಗಿದ ಮರಿಗೆ ಮನೆ ಸಿಗುವುದು ಸುಲಭ. ಅಟ್ಟದ ಕತ್ತಲಲ್ಲೇ ಬೆಳೆದು ಬುಸುಗುಡುವ ಮರಿಯನ್ನು ಯಾರೂ ಒಯ್ಯುವುದಿಲ್ಲ. ನಾಲ್ಕನೇ ವಾರದಿಂದ ಮೆತ್ತಗೆ ಮಾಡಿದ ಆಹಾರವನ್ನು ಅಗಲ ತಟ್ಟೆಯಲ್ಲಿಡಿ, ಮರಳಿನ ತಟ್ಟೆಯನ್ನೂ ಇಡಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ಆ ತಟ್ಟೆಯನ್ನು ಅವರು ಶುಚಿ ಮಾಡಬಾರದು. ಬೆಕ್ಕಿನ ಮಲದಿಂದ ಹರಡುವ ಟಾಕ್ಸೊಪ್ಲಾಸ್ಮಾ ಎಂಬ ಸೋಂಕು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.

ಜಂತುಹುಳದ ಔಷಧವನ್ನು ವೈದ್ಯರು ತೂಕ ನೋಡಿ ಕೊಡುತ್ತಾರೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ನಾಲ್ಕು ವಾರಕ್ಕೊಮ್ಮೆ ಮುಂದಿನವು, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಮೊದಲ ಲಸಿಕೆ ತಡೆಯುವ ರೋಗಗಳಲ್ಲಿ ಪ್ಯಾನ್‌ಲ್ಯುಕೋಪೀನಿಯಾ ಎಲ್ಲಕ್ಕಿಂತ ಕ್ರೂರ: ವಾಂತಿ, ಭೇದಿ, ಎರಡು ಮೂರು ದಿನದಲ್ಲಿ ಸಾವು. ಅದರ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ, ಚಪ್ಪಲಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಮನೆಯ ಬೆಕ್ಕಿಗೆ ಬಂದರೆ ಇನ್ನೊಂದು ಮನೆಗೆ ಕೂಡಲೇ ತಿಳಿಸಿ, ಓಡಾಟ ನಿಲ್ಲಿಸಿ.

ಮನೆಮದ್ದಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಜ್ವರಕ್ಕೆಂದು ಪ್ಯಾರಸಿಟಮಾಲ್ ಕೊಡಬೇಡಿ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಗೆ ಹಚ್ಚುವ, ಪರ್ಮೆಥ್ರಿನ್ ಇರುವ ಉಣ್ಣಿ ಔಷಧವೂ ಬೆಕ್ಕಿಗೆ ವಿಷ. ತಾಯಿ ಬೆಕ್ಕು ಪರಚಿದರೆ, ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಪಕ್ಕದ ಮನೆಯ ಬೆಕ್ಕಲ್ಲವೇ ಎಂದು ಉದಾಸೀನ ಮಾಡಬೇಡಿ.

ಹಂತ 6: ತಾಯಿಗೆ ಶಸ್ತ್ರಚಿಕಿತ್ಸೆ, ಗಂಡಿಗೂ

ಇದನ್ನು ಬಿಟ್ಟರೆ ಮೇಲಿನ ಐದೂ ಹಂತಗಳನ್ನು ಮೂರು ನಾಲ್ಕು ತಿಂಗಳಿಗೆ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ಬೆಕ್ಕು ಗಬ್ಬದಲ್ಲಿರುವುದು ಸುಮಾರು ಒಂಬತ್ತು ವಾರ. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಸಂತಾನಶಕ್ತಿಹರಣ ಎಂದರೆ ಹೆಣ್ಣಿಗೆ ಅಂಡಾಶಯವನ್ನು, ಸಾಮಾನ್ಯವಾಗಿ ಗರ್ಭಕೋಶವನ್ನೂ, ಗಂಡಿಗೆ ವೃಷಣಗಳನ್ನು ಅರಿವಳಿಕೆ ಕೊಟ್ಟು ತೆಗೆಯುವುದು. “ಒಂದು ಸಲವಾದರೂ ತಾಯಿಯಾಗಲಿ ಪಾಪ” ಎನ್ನುವವರಿಗೆ ಹೇಳುತ್ತೇನೆ: ಒಮ್ಮೆ ಮರಿ ಹಾಕುವುದರಿಂದ ಬೆಕ್ಕಿನ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ.

ಮರಿಗಳು ಹಾಲು ಬಿಟ್ಟು, ತಾಯಿಯ ಕೆಚ್ಚಲು ಬತ್ತಿದ ಮೇಲೆ ವೈದ್ಯರು ದಿನ ಕೊಡುತ್ತಾರೆ. ಆ ದಿನದವರೆಗೂ ತಾಯಿಯನ್ನು ಮನೆಯೊಳಗೇ ಇಡಿ. ಎಲ್ಲರೂ ಸೋಲುವುದು ಇಲ್ಲಿಯೇ. ಬಾಗಿಲ ಬಳಿ ಕೂತು ಅರಚಿದರೂ, ನೆಲದಲ್ಲಿ ಹೊರಳಿದರೂ, ರಾತ್ರಿಯಿಡೀ ಕೂಗಿದರೂ ತೆರೆಯಬೇಡಿ. ಗಂಡಿನ ಶಸ್ತ್ರಚಿಕಿತ್ಸೆ ಚಿಕ್ಕದು, ಆದರೆ ಮುಗಿದ ಮೇಲೂ ಕೆಲವು ವಾರ ಅದಕ್ಕೆ ಮರಿ ಹುಟ್ಟಿಸುವ ಶಕ್ತಿ ಉಳಿದಿರುತ್ತದೆ, ಅಲ್ಲಿಯವರೆಗೆ ಅದನ್ನೂ ಹೆಣ್ಣಿನಿಂದ ದೂರವಿಡಿ. ಖಾಸಗಿ ಕ್ಲಿನಿಕ್ಕಿನ ಖರ್ಚು ಭಾರವೆನಿಸಿದರೆ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೇಳಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಹತ್ತಿರವಿದ್ದವರು ಅಲ್ಲಿಯೂ ವಿಚಾರಿಸಬಹುದು. ಎರಡು ಮನೆಯವರು ಒಂದೇ ದಿನ ಎರಡೂ ಬೆಕ್ಕುಗಳನ್ನು ಒಯ್ದರೆ ಆಟೊ ಬಾಡಿಗೆಯೂ ಉಳಿಯುತ್ತದೆ, ಮಾತೂ ಉಳಿಯುತ್ತದೆ.

ಹಂತ 7: ಮನೆ ಹುಡುಕುವುದು

ಹುಡುಕಾಟವನ್ನು ಐದನೇ ವಾರದಲ್ಲೇ ತೊಡಗಿ, ಮರಿಯನ್ನು ಕೊಡುವುದು ಮಾತ್ರ ಎಂಟು ವಾರವಾದ ಮೇಲೆ. ಹತ್ತು ಹನ್ನೆರಡು ವಾರ ಕಾದರೆ ಇನ್ನೂ ಒಳ್ಳೆಯದು. ಕಚ್ಚುವ ಆಟಕ್ಕೆ ಮಿತಿ ಎಲ್ಲಿ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳಿಂದ. ಹಗಲು ಬೆಳಕಿನಲ್ಲಿ ಒಂದೊಂದು ಮರಿಯದೂ ಬೇರೆ ಫೋಟೊ ತೆಗೆಯಿರಿ. ಅದರ ಸ್ವಭಾವವನ್ನು ಇದ್ದಂತೆ ಬರೆಯಿರಿ: ಅಂಜುಬುರುಕ ಮರಿಯನ್ನು ಮುದ್ದುಗಾರ ಎಂದು ಬರೆದರೆ ಅದು ವಾರದಲ್ಲಿ ಹಿಂತಿರುಗಿ ಬರುತ್ತದೆ.

ಕೇಳಿಕೊಂಡು ಬಂದವರ ಮನೆಯನ್ನು ಒಮ್ಮೆ ನೋಡಿ. ಮೇಲಂತಸ್ತಿನ ಮನೆಯಾದರೆ ಬಾಲ್ಕನಿಗೆ, ಕಿಟಕಿಗಳಿಗೆ ಜಾಲರಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಇಲಿ ಕಾಟಕ್ಕೆಂದು ಗೋದಾಮಿಗೆ ಮರಿ ಕೇಳುವವರಿಗೆ ಕೊಡುವ ಮುನ್ನ ರಜೆಯ ದಿನಗಳಲ್ಲಿ ಊಟ ಹಾಕುವವರು ಯಾರು ಎಂದು ವಿಚಾರಿಸಿ. ಒಂದೇ ಸಲಕ್ಕೆ ಎಲ್ಲ ಮರಿಗಳನ್ನೂ ಒಯ್ಯುತ್ತೇವೆ ಎನ್ನುವ ಅಪರಿಚಿತರಿಗೆ ಕೊಡಲೇಬೇಡಿ. ಎರಡು ಮರಿಗಳನ್ನು ಜೊತೆಯಾಗಿ ಕೇಳಿದರೆ ಸಂತೋಷದಿಂದ ಕೊಡಿ, ಒಂದಕ್ಕೊಂದು ಜೊತೆಯಾಗುತ್ತವೆ.

ಬುಟ್ಟಿಯೊಂದಿಗೆ ಲಸಿಕೆಯ ಚೀಟಿ, ತಾಯಿ ಮಲಗಿದ್ದ ಬಟ್ಟೆಯ ಒಂದು ತುಂಡು, ನಾಲ್ಕು ದಿನಕ್ಕಾಗುವಷ್ಟು ಈಗ ತಿನ್ನುತ್ತಿರುವ ಆಹಾರವನ್ನು ಕೊಟ್ಟು ಕಳುಹಿಸಿ. ಮರಿಗೆ ಐದು ತಿಂಗಳಾಗುವ ಮುನ್ನ ಶಸ್ತ್ರಚಿಕಿತ್ಸೆ ಮಾಡಿಸುತ್ತೇವೆ ಎಂದು ಅವರಿಂದ ಮಾತು ಪಡೆಯಿರಿ. ಆ ತಾರೀಖಿಗೆ ಹದಿನೈದು ದಿನ ಮುಂಚೆ ಫೋನ್ ಮಾಡಿ ಕೇಳುವ ಕೆಲಸ ಎರಡು ಮನೆಗಳಲ್ಲಿ ಯಾರದು ಎಂಬುದನ್ನೂ ಅದೇ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದಿಡಿ.